ಕಡಲ್ಗಾಲುವೆಯನ್ನು ಈಜಿ ದಾಟಿದ ಕ್ಯಾಪ್ಟನ್ ಮ್ಯಾಥ್ಯೂ ವೆಬ್

ಇಂಗ್ಲೆಂಡಿನ ಆಗ್ನೇಯ ಅಂಚಿನಲ್ಲಿ ಡೋವರ್ ಎಂಬ ರೇವುಪಟ್ಟಣವಿದೆ. ಅದರ ಎರಡೂ ಮಗ್ಗುಲುಗಳಲ್ಲಿ ಸೀಮೆಸುಣ್ಣದ ಬಿಳಿಯ ಬಂಡೆಗಳು ಗೋಡೆ ಕಟ್ಟಿದಂತೆ ಕಡಲಿನಿಂದ ನೇರವಾಗಿ ಮೇಲೆದ್ದಿವೆ. ಕೆಲವೆಡೆ ಅವುಗಳ ಎತ್ತರ 100 ಮೀಟರನ್ನು ಮೀರುತ್ತದೆ. ಎದುರು ದಡ ಫ್ರಾನ್ಸಿನದು. ಅಲ್ಲಿ ಕಡಲಿನೊಳಕ್ಕೆ ಚಾಚಿಕೊಂಡಿರುವ ಬಂಡೆಗಳ ಭೂಶಿರವೊಂದಕ್ಕೆ ಗ್ರೀ ನೇ ಎಂದು ಹೆಸರು. ಬೂದು ಮೂಗು ಎಂದು ಅದರ ಅರ್ಥ. ಆಕಾಶ ತಿಳಿಯಾಗಿರುವ ದಿನ ಈ ದಡದಲ್ಲಿ ನಿಂತವರಿಗೆ ಆ ದಡ ಕಾಣುತ್ತದೆ. ನಡುವಣ ನೀರಿನ ಅಗಲ ಅತ್ಯಂತ ಕಿರಿದಾದ ಕಡೆ ಸುಮಾರು 33 ಕಿಲೋಮೀಟರು. ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿದ್ದ ಆ ದಡವನ್ನು, ಮೈಗೆ ಯಾವ ತೇಲುಸಾಧನವನ್ನೂ ಕಟ್ಟಿಕೊಳ್ಳದೆ ಕೇವಲ ಈಜಿನಿಂದ ಮುಟ್ಟಿದವರೆಂದು 1875ರ ವರೆಗೆ ಯಾರ ಹೆಸರೂ ಪ್ರಮಾಣಪೂರ್ವಕವಾಗಿ ದಾಖಲಾಗಿರಲಿಲ್ಲ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅದನ್ನು ಸಾಧಿಸಿದವನು ಮ್ಯಾಥ್ಯೂ ವೆಬ್ ಎಂಬ 27 ವರ್ಷದ ನಾವಿಕ.

ವೆಬ್ ಹುಟ್ಟಿದ್ದು ಕಡಲ ತೀರದಲ್ಲಲ್ಲ. ಇಂಗ್ಲೆಂಡಿನ ಒಳನಾಡಾದ ಶ್ರಾಪ್‌ಶೈರ್ ಪ್ರಾಂತದ ಡಾಲಿ ಎಂಬ ಊರಿನಲ್ಲಿ 1848ರ ಜನವರಿ 19ರಂದು ಅವನು ಜನಿಸಿದನು. ತಂದೆ ವೈದ್ಯ, ಮಕ್ಕಳು ಅನೇಕರಿದ್ದ ತುಂಬು ಮನೆ. ಆ ಸೀಮೆ ಕಲ್ಲಿದ್ದಲಿಗೂ ಕಬ್ಬಿಣಕ್ಕೂ ಹೆಸರಾದದ್ದು. ಸೆವರ್ನ್ ನದಿಗೆ ಅಡ್ಡಲಾಗಿ 1779ರಲ್ಲಿ ಕಟ್ಟಿದ ಎರಕದ ಕಬ್ಬಿಣದ ಸೇತುವೆ, ಜಗತ್ತಿನಲ್ಲಿ ಆ ಬಗೆಯ ಮೊದಲನೆಯ ದೊಡ್ಡ ಸೇತುವೆ, ಅಲ್ಲಿಯೇ ಇದೆ. ಕುಲುಮೆಗಳ ಹೊಗೆಯ ನಡುವೆ ಹರಿಯುತ್ತಿದ್ದ ಆ ಸೆವರ್ನ್ ನದಿಯಲ್ಲಿ ಬಾಲಕ ವೆಬ್ ಈಜು ಕಲಿತನು. ನದಿಯ ಈಜು ಕಲಿಸುವ ಪಾಠ ಕೊಳದ ಈಜಿನಲ್ಲಿ ಸಿಗುವುದಿಲ್ಲ. ಹರಿಯುವ ನೀರಿಗೆ ತನ್ನದೇ ಆದ ಒಂದು ದಿಕ್ಕಿರುತ್ತದೆ, ಈಜುವವನು ಅದನ್ನು ಲೆಕ್ಕಕ್ಕೆ ಹಿಡಿದೇ ಕೈ ಬೀಸಬೇಕಾಗುತ್ತದೆ. 1863ರಲ್ಲಿ ಅದೇ ನದಿಯಲ್ಲಿ ಮುಳುಗುತ್ತಿದ್ದ ತನ್ನ ಸೋದರ ಥಾಮಸನನ್ನು ವೆಬ್ ಬದುಕಿಸಿದನು. ಆಗ ಅವನಿಗೆ 15 ವರ್ಷ.

ಅಷ್ಟರಲ್ಲಾಗಲೇ ಅವನ ಬದುಕು ಹಡಗಿಗೆ ಒಪ್ಪಿತವಾಗಿತ್ತು. 12ನೆಯ ವಯಸ್ಸಿಗೆ, ಲಿವರ್‌ಪೂಲಿನ ಮರ್ಸಿ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ಕಾನ್ವೇ ಎಂಬ ತರಬೇತಿ ಹಡಗನ್ನು ಅವನು ಸೇರಿದನು. ನಾವಿಕರಾಗಬೇಕಾದ ಹುಡುಗರಿಗೆ ಅದು ಶಾಲೆಯೂ ಹೌದು, ವಸತಿಯೂ ಹೌದು. ಆ ಬಳಿಕ ಲಿವರ್‌ಪೂಲಿನ ರಾಥ್‌ಬೋನ್ ಸೋದರರ ವ್ಯಾಪಾರ ಸಂಸ್ಥೆಯಲ್ಲಿ ಮೂರು ವರ್ಷ ಉಮೇದುವಾರನಾಗಿ ದುಡಿದನು. ಆ ಸಂಸ್ಥೆಯ ಹಡಗುಗಳು ಹೆಚ್ಚಾಗಿ ಕಲ್ಕತ್ತಾ ಮತ್ತು ಹಾಂಗ್‌ಕಾಂಗ್ ಕಡೆಗೆ ಸಾಗುತ್ತಿದ್ದವು. ಹೀಗಾಗಿ ಇಂಗ್ಲಿಷ್ ಕಡಲ್ಗಾಲುವೆಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಮನುಷ್ಯ ಕಡಲನ್ನು ಅರಿತುಕೊಂಡದ್ದರಲ್ಲಿ ಬಂಗಾಳ ಕೊಲ್ಲಿಗೂ ಒಂದು ಪಾಲುಂಟು.

ಹಡಗಿನ ಕೆಲಸದ ನಡುವೆ ಅವನ ಈಜಿನ ಸಂಗತಿಗಳು ಅಲ್ಲಲ್ಲಿ ಮಾತಿಗೆ ಬರತೊಡಗಿದವು. ಸುಯೆಜ್ ಕಾಲುವೆಯಲ್ಲಿ ಹಡಗೊಂದರ ಚಾಲಕಚಕ್ರಕ್ಕೆ ಹಗ್ಗ ಸುತ್ತಿಕೊಂಡು ಹಡಗು ನಿಂತುಬಿಟ್ಟಾಗ, ವೆಬ್ ಮತ್ತೆ ಮತ್ತೆ ನೀರಿನಡಿಗೆ ಮುಳುಗಿ ಆ ಹಗ್ಗವನ್ನು ಕತ್ತರಿಸಿ ಬಿಡಿಸಿದನೆಂದು ಅವನ ಚರಿತ್ರಕಾರರು ಬರೆಯುತ್ತಾರೆ. ನ್ಯೂಫೌಂಡ್ಲೆಂಡ್ ತಳಿಯ ನಾಯಿಯೊಂದರೊಡನೆ ಪಂತ ಕಟ್ಟಿ, ಅಬ್ಬರದ ಕಡಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತು, ಕೊನೆಗೆ ನಾಯಿಯನ್ನೇ ದೋಣಿಗೆ ಎತ್ತಿಕೊಳ್ಳುವಂತೆ ಮಾಡಿದನೆಂಬ ಕಥೆಯೂ ಇದೆ. ನೀರುನಾಯಿಯೆಂದೇ ಹೆಸರಾದ ತಳಿಯದು. ಕಥೆಯಲ್ಲಿ ಬಣ್ಣ ಎಷ್ಟಿದೆಯೋ! ಆದರೆ ವೆಬ್‌ನ ಶಕ್ತಿ ಯಾವ ಬಗೆಯದೆಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಅವನು ವೇಗದ ಈಜುಗಾರನಲ್ಲ. ಚಿಕ್ಕ ದೂರದ ಪಂದ್ಯಗಳಲ್ಲಿ ಅವನನ್ನು ಹಿಂದೆ ಹಾಕಬಲ್ಲವರು ಲಂಡನ್ನಿನಲ್ಲಿ ಹಲವರಿದ್ದರು. ನೀರಿನಲ್ಲಿ ಉಳಿಯುವುದು, ತಣ್ಣೀರನ್ನು ತಾಳುವುದು, ಬೇಸರಿಸದಿರುವುದು, ಇವು ಅವನ ಬಂಡವಾಳ.

1873ರ ಏಪ್ರಿಲ್ ತಿಂಗಳ ಒಂದು ದಿನ ಅವನನ್ನು ಲೋಕದ ಕಣ್ಣಿಗೆ ತಂದಿತು. ಕುನಾರ್ಡ್ ಸಂಸ್ಥೆಯ ರಷ್ಯಾ ಎಂಬ ಉಗಿಹಡಗು ಅಟ್ಲಾಂಟಿಕ್ ಸಾಗರದ ನಡುವೆ ಸಾಗುತ್ತಿತ್ತು. ಗಾಳಿ ಬಲವಾಗಿತ್ತು. ನಾವಿಕನೊಬ್ಬ ಹಾಯಿಯ ಕೆಲಸದಲ್ಲಿದ್ದಾಗ ಆಯತಪ್ಪಿ ಕಡಲಿಗೆ ಬಿದ್ದನು. ಅದೇ ಹಡಗಿನಲ್ಲಿ ದುಡಿಯುತ್ತಿದ್ದ ವೆಬ್ ಒಂದು ಕ್ಷಣವೂ ತಡೆಯದೆ ಹಾರಿದನು. ಪೂರ್ಣವೇಗದಲ್ಲಿ ಸಾಗುವ ಉಗಿಹಡಗು ನಿಲ್ಲುವ ಹೊತ್ತಿಗೆ ಬಹಳ ದೂರ ಹೋಗಿರುತ್ತದೆ. ಅದು ತಿರುಗಿ, ದೋಣಿ ಇಳಿಸಿ, ಅಲೆಗಳ ನಡುವೆ ಒಂದು ತಲೆಯನ್ನು ಹುಡುಕಬೇಕು. ಅರ್ಧ ಗಂಟೆಗೂ ಹೆಚ್ಚು ಹೊತ್ತು ವೆಬ್ ಆ ಕೊರೆಯುವ ನೀರಿನಲ್ಲಿ ಒಬ್ಬನೇ ಇದ್ದನು. ಬಿದ್ದವನು ಸಿಗಲಿಲ್ಲ. ವೆಬ್‌ನನ್ನು ದೋಣಿಯವರು ಕಂಡು ಎತ್ತಿಕೊಂಡರು. ಹಡಗಿನ ಪ್ರಯಾಣಿಕರು ಕೂಡಿಸಿ ಕೊಟ್ಟ ಹಣ 100 ಪೌಂಡು. ರಾಯಲ್ ಹ್ಯೂಮೇನ್ ಸೊಸೈಟಿ ಆಗಷ್ಟೇ ಸ್ಥಾಪಿಸಿದ್ದ ಸ್ಟ್ಯಾನ್‌ಹೋಪ್ ಚಿನ್ನದ ಪದಕದ ಮೊದಲ ಪುರಸ್ಕೃತನು ಅವನಾದನು. ಉಳಿಸಲಾಗದೆ ಹೋದ ಒಂದು ಪ್ರಾಣಕ್ಕಾಗಿ ಬಂದ ಪದಕವದು. ವೆಬ್‌ನ ಬದುಕಿನಲ್ಲಿ ಹಣದ ಮಾತೇ ಇಲ್ಲದೆ ನೀರಿಗೆ ಧುಮುಕಿದ ಈ ಪ್ರಸಂಗವನ್ನು, ಮುಂದೆ ಹಣಕ್ಕಾಗಿಯೇ ಧುಮುಕಿದ ಪ್ರಸಂಗಗಳ ಪಕ್ಕದಲ್ಲಿಟ್ಟು ನೋಡಬೇಕು.

ಅದಕ್ಕೆ ಹಿಂದಿನ ವರ್ಷ, 1872ರಲ್ಲಿ, ಜೆ. ಬಿ. ಜಾನ್ಸನ್ ಎಂಬ ಹೆಸರಾಂತ ಈಜುಗಾರ ಡೋವರಿನಿಂದ ಫ್ರಾನ್ಸಿಗೆ ಈಜಲು ಹೊರಟು, ಸುಮಾರು ಒಂದು ಗಂಟೆಯಲ್ಲಿಯೇ ಚಳಿಗೆ ಸೋತು ದೋಣಿಯೇರಿದ್ದನು. ಪತ್ರಿಕೆಯಲ್ಲಿ ಅದನ್ನು ಓದಿದ ವೆಬ್‌ನ ಮನಸ್ಸಿನಲ್ಲಿ ಆ ಕಾಲುವೆ ಉಳಿದುಕೊಂಡಿತು. 1875ರ ಹೊತ್ತಿಗೆ ಅವನು ಎಮರಾಲ್ಡ್ ಎಂಬ ಹಡಗಿಗೆ ಕ್ಯಾಪ್ಟನ್ ಆಗಿದ್ದನು. ಕ್ಯಾಪ್ಟನ್ ಎಂಬ ಬಿರುದು ಜೀವನದುದ್ದಕ್ಕೂ ಅವನ ಹೆಸರಿಗೆ ಅಂಟಿಕೊಂಡಿತು. ಹುದ್ದೆ ಮಾತ್ರ ಕೆಲವು ತಿಂಗಳಿನದು. ಸಂಬಳ ತರುವ, ಮರ್ಯಾದೆಯುಳ್ಳ ಆ ಕೆಲಸವನ್ನು ಬಿಟ್ಟು ಅವನು ಲಂಡನ್ನಿಗೆ ಬಂದನು. ಅಲ್ಲಿ ಲ್ಯಾಂಬೆತ್ ಈಜುಕೊಳದ ಫ್ರೆಡ್ ಬೆಕ್‌ವಿತ್ ಎಂಬ ಈಜುಗುರುವನ್ನು ಕಂಡು ತನ್ನ ಉದ್ದೇಶವನ್ನು ತಿಳಿಸಿದನು. ಮನೆಮಾರು ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಹಡಗಿನ ಅಧಿಕಾರವನ್ನು ತೊರೆದು ಈಜಲು ಹೊರಟವನನ್ನು ಮನೆಯವರು ಏನೆಂದುಕೊಂಡರೋ!

ಬೆಕ್‌ವಿತ್ ಮೊದಲು ಪರೀಕ್ಷೆಗೆ ಒಡ್ಡಿದನು. 1875ರ ಜುಲೈ 3ರಂದು ವೆಬ್ ಥೇಮ್ಸ್ ನದಿಯಲ್ಲಿ ಬ್ಲ್ಯಾಕ್‌ವಾಲಿನಿಂದ ಗ್ರೇವ್ಸೆಂಡಿನವರೆಗೆ, ಇಳಿತದ ನೀರಿನ ಜೊತೆಯಲ್ಲಿ, ಸುಮಾರು 20 ಮೈಲಿಯನ್ನು ಐದು ಗಂಟೆಗೂ ಕಡಿಮೆ ಅವಧಿಯಲ್ಲಿ ಈಜಿದನು. ನೋಡಲು ಬಂದವರು ಹೆಚ್ಚು ಮಂದಿಯಿರಲಿಲ್ಲ. ಅದೇ ತಿಂಗಳು ಡೋವರಿನಿಂದ ರ‍್ಯಾಮ್ಸ್‌ಗೇಟಿಗೆ ಕರಾವಳಿಯುದ್ದಕ್ಕೂ ಈಜಿದನು. ಆ ದಾರಿ ಬಹು ಸುಂದರವಾದದ್ದು. ಡೋವರ್ ಕೋಟೆಯನ್ನು ಹಿಂದೆ ಬಿಟ್ಟರೆ ಎಡಕ್ಕೆ ಸೌತ್ ಫೋರ್‌ಲೆಂಡಿನ ಬಿಳಿ ಬಂಡೆಗಳ ಸಾಲು, ಅದರ ತಲೆಯ ಮೇಲೆ ದೀಪಸ್ತಂಭ, ಬಂಡೆಗಳ ಬುಡದಲ್ಲಿ ಸೇಂಟ್ ಮಾರ್ಗರೆಟ್ಸ್ ಎಂಬ ಪುಟ್ಟ ಕೊಲ್ಲಿ. ಅಲ್ಲಿಂದ ಮುಂದೆ ಬಂಡೆ ಕರಗಿ ಡೀಲ್ ಪಟ್ಟಣದ ನುಣುಪುಗಲ್ಲಿನ ತೀರ ಬರುತ್ತದೆ. ಬಲಗಡೆ ಕಡಲಿನಲ್ಲಿ ಗುಡ್‌ವಿನ್ ಮರಳುದಿಬ್ಬಗಳು. ಇಳಿತದಲ್ಲಿ ತಲೆ ಎತ್ತಿ ಉಬ್ಬರದಲ್ಲಿ ಮರೆಯಾಗುವ ಅವು ನೂರಾರು ಹಡಗುಗಳನ್ನು ನುಂಗಿವೆ. ಈ ನೋಟವನ್ನು ಹಡಗಿನಿಂದ ಕಂಡವರು ಬಹಳ. ಅಲೆಯ ಮಟ್ಟದಲ್ಲಿ ಗಲ್ಲವಿಟ್ಟು ಸುಮಾರು ಒಂಬತ್ತು ಗಂಟೆ ಕಂಡವರು ವಿರಳ. ಆದರೆ ವೆಬ್ ಹೋದದ್ದು ನೋಟಕ್ಕಲ್ಲ. ಈ ತೀರದಲ್ಲಿ ಉಬ್ಬರದ ನೀರು ಯಾವಾಗ, ಎಷ್ಟು ಬಲದಿಂದ, ಎತ್ತ ಎಳೆಯುತ್ತದೆಂಬುದನ್ನು ಅವನು ಮೈಯಿಂದಲೇ ಕಲಿಯಬೇಕಾಗಿತ್ತು.

ಈ ಎಳೆತವನ್ನು ಸ್ವಲ್ಪ ವಿವರಿಸದೆ ವೆಬ್‌ನ ಸಾಧನೆ ಅರ್ಥವಾಗದು. ಕಾಸರಗೋಡು, ಮಂಗಳೂರುಗಳ ಪಡುಗಡಲಿನಲ್ಲಿ ಉಬ್ಬರ ಇಳಿತಗಳ ನಡುವಣ ವ್ಯತ್ಯಾಸ ಒಂದು ಒಂದೂವರೆ ಮೀಟರಿನಷ್ಟು. ಡೋವರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಆರು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಅಷ್ಟು ನೀರು ಎರಡು ಕಡಲುಗಳ ನಡುವಣ ಕಿರಿದಾದ ಬಾಯಿಯಲ್ಲಿ ನುಗ್ಗಬೇಕು. ಸುಮಾರು ಆರು ಗಂಟೆಗಳ ಕಾಲ ಅದು ಈಶಾನ್ಯಕ್ಕೆ, ಉತ್ತರ ಸಮುದ್ರದ ಕಡೆಗೆ ಹರಿಯುತ್ತದೆ. ಆಮೇಲೆ ತಿರುಗಿ ಅಷ್ಟೇ ಹೊತ್ತು ನೈಋತ್ಯಕ್ಕೆ, ಅಟ್ಲಾಂಟಿಕ್ ಕಡೆಗೆ. ಬಲ ಹೆಚ್ಚಿದಾಗ ಪ್ರವಾಹದ ವೇಗ ಗಂಟೆಗೆ 6–7 ಕಿಲೋಮೀಟರು. ವೆಬ್‌ನ ಈಜಿನ ವೇಗ ಅದರ ಅರ್ಧವೂ ಇರಲಿಲ್ಲ. ಆದ್ದರಿಂದ ಫ್ರಾನ್ಸಿಗೆ ಮುಖಮಾಡಿ ಈಜುವವನು ನಿಜವಾಗಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಒಯ್ಯಲ್ಪಡುತ್ತಾನೆ. ಅವನ ದಾರಿಯನ್ನು ನಕ್ಷೆಯ ಮೇಲೆ ಬರೆದರೆ ಹಾವು ಹರಿದಂತಿರುತ್ತದೆ. ಅಳಿವೆಯಲ್ಲಿ ದೋಣಿ ದಾಟಿಸುವವರು ಎದುರು ದಡದ ಗುರಿಗಿಂತ ಬಹಳ ಮೇಲಕ್ಕೆ ಮೂತಿಯಿಟ್ಟು ಹುಟ್ಟು ಹಾಕುವುದು ಇದೇ ಕಾರಣಕ್ಕೆ. ಇಲ್ಲಿ ವ್ಯತ್ಯಾಸವೆಂದರೆ, ದಾಟುವ ಹೊತ್ತಿನೊಳಗೆ ಹೊಳೆಯೇ ಹಲವು ಬಾರಿ ದಿಕ್ಕು ಬದಲಿಸುತ್ತದೆ.

ಆ ಬೇಸಿಗೆಯಲ್ಲಿ ಇನ್ನೊಬ್ಬನ ಹೆಸರು ಪತ್ರಿಕೆಗಳನ್ನು ತುಂಬಿತ್ತು. ಪಾಲ್ ಬಾಯ್ಟನ್ ಎಂಬಾತ ಗಾಳಿ ತುಂಬಿದ ರಬ್ಬರಿನ ಉಡುಪನ್ನು ತೊಟ್ಟು, ಅಂಗಾತ ಮಲಗಿ, ಕೈಯಲ್ಲಿ ಹುಟ್ಟು ಹಿಡಿದು, ಮೇ ತಿಂಗಳ ಕೊನೆಯಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ತೇಲಿ ಬಂದಿದ್ದನು. ಜನ ಅವನನ್ನು ಹೊಗಳಿದರು. ಅದು ಈಜಲ್ಲವೆಂದು ವೆಬ್‌ನ ವಾದ. ಆ ವಾದದಲ್ಲಿ ಹುರುಳಿತ್ತು.

ಆಗಸ್ಟ್ 12ರಂದು ವೆಬ್ ಮೊದಲ ಬಾರಿ ಹೊರಟನು. ಗಾಳಿಯೆದ್ದು ಕಡಲು ಕದಡಿತು, ಪ್ರವಾಹ ಅವನನ್ನು ದಾರಿಯಿಂದ ಬಹುದೂರ ಸೆಳೆದೊಯ್ದಿತು. ಏಳು ಗಂಟೆಗಳ ಹತ್ತಿರ ಈಜಿ ಅವನು ದೋಣಿ ಹತ್ತಿದನು. ಸೋಲು ದೊಡ್ಡದೆಂದು ಅವನಿಗೆ ತೋರಲಿಲ್ಲ. ಹವೆ ಸರಿಯಾಗಲೆಂದು 12 ದಿನ ಕಾದನು.

1875ರ ಆಗಸ್ಟ್ 24, ಮಂಗಳವಾರ. ಮಧ್ಯಾಹ್ನ ಒಂದು ಗಂಟೆಗೆ ನಾಲ್ಕು ನಿಮಿಷ ಇರುವಾಗ ಡೋವರಿನ ಅಡ್ಮಿರಾಲ್ಟಿ ಕಟ್ಟೆಯಿಂದ ವೆಬ್ ನೀರಿಗೆ ಧುಮುಕಿದನು. ಮೈಗೆ ಕಡಲಹಂದಿಯ ಕೊಬ್ಬಿನ ಎಣ್ಣೆಯನ್ನು ಬಳಿದುಕೊಂಡಿದ್ದನು; ಅದು ಚಳಿಯನ್ನು ತಡೆಯುತ್ತದೆಂದು ನಂಬಿಕೆ. ಉಡುಪು ಒಂದು ಕೆಂಪು ರೇಷ್ಮೆಯ ಚಡ್ಡಿ. ಜೊತೆಯಲ್ಲಿ ಜಾರ್ಜ್ ಟಾಮ್ಸ್ ನಡೆಸುತ್ತಿದ್ದ ಆನ್ ಎಂಬ ಹಾಯಿದೋಣಿ, ಮತ್ತೆ ಎರಡು ಸಣ್ಣ ದೋಣಿಗಳು. ಪತ್ರಕರ್ತರು ಆ ದೋಣಿಗಳಲ್ಲಿದ್ದರು. ಅವನು ದೋಣಿಯನ್ನು ಒಮ್ಮೆಯೂ ಹಿಡಿಯಲಿಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ಇಂದು ದೂರದ ಈಜಿಗೆ ಬಳಸುವ ವೇಗದ ಶೈಲಿ ಆಗ ಇಂಗ್ಲೆಂಡಿನಲ್ಲಿ ರೂಢಿಗೆ ಬಂದಿರಲಿಲ್ಲ. ವೆಬ್ ಈಜಿದ್ದು ಕಪ್ಪೆಯಂತೆ ಕೈಕಾಲುಗಳನ್ನು ಅಗಲಿಸಿ ಮಡಿಸುವ, ಈಗ ಬ್ರೆಸ್ಟ್ ಸ್ಟ್ರೋಕ್ ಎಂದು ಕರೆಯುವ ಈಜನ್ನು. ನಿಮಿಷಕ್ಕೆ ಸುಮಾರು 20 ಬೀಸು. ತಲೆ ನೀರಿನಿಂದ ಮೇಲಿರುತ್ತಿತ್ತು; ಹೀಗಾಗಿ ಅವನು ದೋಣಿಯವರೊಡನೆ ಮಾತನಾಡುತ್ತ, ಸುತ್ತಲ ಹಡಗುಗಳನ್ನು ನೋಡುತ್ತ ಸಾಗಬಲ್ಲವನಾಗಿದ್ದನು. ಆಗಾಗ ದೋಣಿಯಿಂದ ಬಿಸಿ ಕಾಫಿ, ಮಾಂಸದ ಸಾರು, ಬಿಯರು, ಕಾಡ್ ಮೀನಿನ ಎಣ್ಣೆ, ಬ್ರಾಂಡಿ, ಹೀಗೆ ಒಂದಲ್ಲ ಒಂದು ಚಾಚಿದ ಕೈಯಿಂದ ಬರುತ್ತಿತ್ತು. ನಿಂತಲ್ಲೇ ಕಾಲಾಡಿಸುತ್ತ ಅವನು ಅದನ್ನು ಕುಡಿದು ಮತ್ತೆ ಮುಂದೆ ಸಾಗುತ್ತಿದ್ದನು. ಇಂದಿನ ತರಬೇತುದಾರರು ಈ ಪಟ್ಟಿಯನ್ನು ಕಂಡರೆ ಬೆಚ್ಚಿಬಿದ್ದಾರು.

ಹಗಲು ಸುಗಮವಾಗಿ ಕಳೆಯಿತು. ಕತ್ತಲಾದ ಮೇಲೆ ಲೋಳೆಮೀನೊಂದು ಅವನಿಗೆ ತಗುಲಿತು. ಆ ಉರಿಯನ್ನು ಬಲ್ಲವರೇ ಬಲ್ಲರು. ಸ್ವಲ್ಪ ಬ್ರಾಂಡಿ ಕುಡಿದು ಮುಂದುವರಿದನು. ನಡುರಾತ್ರಿ ಕಳೆದು ಬೆಳಗಿನ ಜಾವವಾಗುವ ಹೊತ್ತಿಗೆ ಗ್ರೀ ನೇ ಭೂಶಿರ ಹತ್ತಿರವಾಗಿತ್ತು. ದೋಣಿಯಲ್ಲಿದ್ದವರು ಇನ್ನೇನು ಮುಗಿಯಿತೆಂದುಕೊಂಡರು.

ಆದರೆ ಕಷ್ಟ ಆರಂಭವಾದದ್ದೇ ಅಲ್ಲಿ. ಭೂಶಿರವನ್ನು ಬಳಸಿ ಹೋಗುವ ನೀರು ಅಲ್ಲಿ ಇಕ್ಕಟ್ಟಿಗೆ ಸಿಕ್ಕಿ ಇನ್ನಷ್ಟು ರಭಸ ತಾಳುತ್ತದೆ. ತೀರ ಕಣ್ಣೆದುರಿಗಿದೆ, ಬಂಡೆಗಳು ಎಣಿಸಿ ಹೇಳುವಷ್ಟು ಸಮೀಪದಲ್ಲಿವೆ. ಪ್ರವಾಹ ಮಾತ್ರ ತೀರದ ಗುಂಟ ಅಡ್ಡಡ್ಡವಾಗಿ ಕೊಂಡೊಯ್ಯುತ್ತಿದೆ. ಸುಮಾರು ಐದು ಗಂಟೆಗಳ ಕಾಲ ವೆಬ್ ದಡದ ಎದುರಿನಲ್ಲೇ ಈಜಿದನು, ದಡ ಸಿಗಲಿಲ್ಲ. ಇಡೀ ದಾರಿಯಲ್ಲಿ ಅವನ ಯೋಗ್ಯತೆಯನ್ನು ತೂಗಿದ ಭಾಗ ಇದು. ಬಲಶಾಲಿಯಾದ, ಅವಸರದ ಈಜುಗಾರನಾಗಿದ್ದರೆ ಬಹುಶಃ ಇಲ್ಲಿ ನೇರ ದಡಕ್ಕೆ ಹೋರಾಡಿ ಒಂದು ಗಂಟೆಯಲ್ಲಿ ಬಸವಳಿದು ದೋಣಿಗೆ ಕೈಚಾಚುತ್ತಿದ್ದನು. ವೆಬ್ ಹೋರಾಡಲಿಲ್ಲ. ಬೀಸನ್ನು ಇನ್ನೂ ನಿಧಾನಗೊಳಿಸಿದನು, ಪ್ರವಾಹ ಒಯ್ದ ಕಡೆಗೆ ಹೋಗುತ್ತ, ದಡದ ಕಡೆಗೆ ಸಿಕ್ಕಷ್ಟು ಗಜಗಳನ್ನು ಸಂಪಾದಿಸುತ್ತ ಹೋದನು. ಮಾಸಗಟ್ಟಲೆ ಹಡಗಿನಲ್ಲಿ ಅನುಕೂಲ ಗಾಳಿಗೆ ಕಾಯುವುದನ್ನು ಕಲಿತವನ ತಾಳ್ಮೆ ಅದು. ಬೆಳಗಾಯಿತು, ಗಾಳಿಯೆದ್ದಿತು, ಅಲೆಗಳು ಹೆಚ್ಚಿದವು. ಡೋವರಿಗೆ ಸೇರಿದ ಮೇಡ್ ಆಫ್ ಕೆಂಟ್ ಎಂಬ ಟಪ್ಪಾಲು ಹಡಗಿನವರು ದೋಣಿಯೊಂದನ್ನು ಇಳಿಸಿ, ಅಲೆಗಳು ಬರುವ ಮಗ್ಗುಲಿಗೆ ಅಡ್ಡವಾಗಿ ನಡೆಸಿ, ತಮ್ಮ ನಾಡಗೀತೆಯೊಂದನ್ನು ಹಾಡಿ ಅವನಿಗೆ ಬಲ ತುಂಬಿದರು. ಕೊನೆಗೆ ಆಗಸ್ಟ್ 25ರ ಬೆಳಿಗ್ಗೆ 10 ಗಂಟೆ 41 ನಿಮಿಷಕ್ಕೆ, ಗ್ರೀ ನೇಯಿಂದ ಬಹಳ ಪೂರ್ವಕ್ಕೆ, ಕ್ಯಾಲೆ ಪಟ್ಟಣದ ಬಳಿಯ ಮರಳಿನ ಮೇಲೆ ಅವನ ಕಾಲು ನಿಂತಿತು. ಕಡಲಿನಲ್ಲಿ ಕಳೆದದ್ದು 21 ಗಂಟೆ 45 ನಿಮಿಷ. ನೇರ ದೂರ 33 ಕಿಲೋಮೀಟರಾದರೂ ಪ್ರವಾಹ ಸುತ್ತಿಸಿದ್ದನ್ನು ಸೇರಿಸಿದರೆ ಅವನು ಸಾಗಿದ ದಾರಿ ಸುಮಾರು 64 ಕಿಲೋಮೀಟರು ಎಂದು ಲೆಕ್ಕ ಹಾಕಿದ್ದಾರೆ.

ಕ್ಯಾಲೆಯ ಹೋಟೆಲೊಂದರಲ್ಲಿ ಅವನನ್ನು ಮಲಗಿಸಿದರು. ಎದ್ದ ಮೇಲೆ ಮೈಕೈ ನೋವನ್ನು ಅವನು ಕ್ರಿಕೆಟ್ ಋತುವಿನ ಮೊದಲ ದಿನ ಆಡಿ ಬಂದವನ ನೋವಿಗೆ ಹೋಲಿಸಿದನಂತೆ. ಡೋವರಿಗೆ ಮರಳಿದಾಗ ಆದ ಸಂಭ್ರಮ ಅಷ್ಟಿಷ್ಟಲ್ಲ. ಜಗತ್ತಿನ ಮುಂದಿನ ಚರಿತ್ರೆಯಲ್ಲಿ ಇಂಥದೊಂದನ್ನು ಇನ್ನೊಬ್ಬನು ಮಾಡುವನೆಂದು ತನಗೆ ತೋರುವುದಿಲ್ಲವೆಂದು ಆ ಪಟ್ಟಣದ ಮೇಯರು ಸಭೆಯಲ್ಲಿ ಸಾರಿದನು. ಲಂಡನ್ನಿನ ಷೇರು ಮಾರುಕಟ್ಟೆಯವರು ಮುಂದಾಗಿ ಸಂಗ್ರಹಿಸಿದ ನಿಧಿ 2,000 ಪೌಂಡುಗಳನ್ನು ಮೀರಿತು. ಹುಟ್ಟಿದ ಸೀಮೆಯಲ್ಲಿ ಅವನ ಮೆರವಣಿಗೆ ನಡೆದಾಗ, ಗದ್ದಲ ಕೇಳಿ ಹಂದಿಯೊಂದು ದೊಡ್ಡಿಯ ಗೋಡೆಯ ಮೇಲೆ ಮುಂಗಾಲಿಟ್ಟು ನಿಂತು ನೋಡಿತೆಂಬ ಕಥೆಯನ್ನು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಬೆಂಕಿಪೊಟ್ಟಣಗಳ ಮೇಲೆ ಅವನ ಚಿತ್ರ ಬಂತು. ಈಜಿನ ಕಲೆಯನ್ನು ಕುರಿತ ಪುಸ್ತಕವೊಂದು ಅವನ ಹೆಸರಿನಲ್ಲಿ ಪ್ರಕಟವಾಯಿತು. ಈಜು ಕಲಿಯುವುದು ಮಕ್ಕಳಿಗೆ ಬೇಕಾದ ವಿದ್ಯೆಯೆಂಬ ಭಾವನೆ ಇಂಗ್ಲೆಂಡಿನಲ್ಲಿ ಬಲಗೊಂಡದ್ದಕ್ಕೆ ವೆಬ್ ಒಂದು ಕಾರಣ.

ಮೇಯರನ ಮಾತು ಪೂರ್ತಿ ಸುಳ್ಳಾಗಲು 36 ವರ್ಷ ಬೇಕಾಯಿತು. ಆ ನಡುವೆ ಯತ್ನಿಸಿ ಸೋತವರು ಅನೇಕರು; ಜಾಬೆಜ್ ವುಲ್ಫ್ ಎಂಬಾತ ಇಪ್ಪತ್ತಕ್ಕೂ ಹೆಚ್ಚು ಬಾರಿ ಹೊರಟು ಒಮ್ಮೆಯೂ ದಾಟಲಾರದೆ ಹೋದನು. 1911ರಲ್ಲಿ ಥಾಮಸ್ ವಿಲಿಯಂ ಬರ್ಜೆಸ್ ಎರಡನೆಯವನಾಗಿ ದಾಟಿದನು, ಅವನೂ ಹಲವು ಸೋಲುಗಳ ಬಳಿಕವೇ. 1926ರಲ್ಲಿ ಅಮೆರಿಕದ ಗರ್ಟ್ರೂಡ್ ಎಡರ್ಲಿ ಹದಿನಾಲ್ಕೂವರೆ ಗಂಟೆಗಳ ಆಸುಪಾಸಿನಲ್ಲಿ ದಾಟಿ, ಅಲ್ಲಿಯವರೆಗಿನ ಗಂಡಸರೆಲ್ಲರ ದಾಖಲೆಯನ್ನು ಮುರಿದಳು. ಭಾರತದ ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ಅದೇ ನೀರನ್ನು ದಾಟಿದರು.

ವೆಬ್‌ನ ಮುಂದಿನ ಎಂಟು ವರ್ಷಗಳ ಕಥೆ ಬೇರೆಯದು. ಹಡಗಿನ ಉದ್ಯೋಗಕ್ಕೆ ಅವನು ಮರಳಲಿಲ್ಲ. ಕಾಲುವೆಯನ್ನು ದಾಟಿದ ಕೀರ್ತಿಯನ್ನು ದಿನದಿನದ ಅನ್ನವನ್ನಾಗಿ ಮಾರ್ಪಡಿಸುವ ದಾರಿ ಆ ಕಾಲದಲ್ಲಿ ಒಂದೇ, ಪ್ರದರ್ಶನ. ಊರೂರು ತಿರುಗಿ ಉಪನ್ಯಾಸ ಕೊಟ್ಟನು, ಪಂದ್ಯ ಕಟ್ಟಿ ಈಜಿದನು. ಆದರೆ ನೋಡುಗರಿಗೆ ಬೇಕಾದದ್ದು ಅವನಲ್ಲಿ ಇಲ್ಲದ ವೇಗ. ಅವನಲ್ಲಿದ್ದ ತಾಳ್ಮೆಯನ್ನು ಕಾಸು ಕೊಟ್ಟು ನೋಡುವವರು ಎಷ್ಟು ಮಂದಿ? 1879ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಬಳಿ ಸ್ಯಾಂಡಿ ಹುಕ್‌ನಿಂದ ಕೋನಿ ದ್ವೀಪದ ಕಡಲತೀರಕ್ಕೆ ಈಜಿದಾಗ, ಸಂಜೆ ಐದು ಗಂಟೆಗೆ ಮೊದಲು ದಡ ಸೇರಕೂಡದೆಂಬ ಷರತ್ತು ಅವನ ಮೇಲಿತ್ತು. ಜನ ಸೇರಿ ಟಿಕೇಟು ಖರ್ಚಾಗಬೇಕಲ್ಲ! ಗ್ರೀ ನೇಯ ಎದುರಿನಲ್ಲಿ ದಡ ಸಿಗದೆ ಐದು ಗಂಟೆ ಈಜಿದವನು ಇಲ್ಲಿ ದಡ ಸಿಗುವಂತಿದ್ದರೂ ಹೊತ್ತು ಕಳೆಯಬೇಕಾಯಿತು. 1880ರಲ್ಲಿ ಮ್ಯಾಡಲೀನ್ ಚ್ಯಾಡಕ್ ಎಂಬವಳನ್ನು ಮದುವೆಯಾದನು; ಇಬ್ಬರು ಮಕ್ಕಳಾದರು. ಖರ್ಚು ಬೆಳೆಯಿತು, ನಿಧಿಯ ಹಣ ಕರಗಿತು. ಪ್ರದರ್ಶನದ ತೊಟ್ಟಿಗಳಲ್ಲಿ ದಿನಗಟ್ಟಲೆ ತೇಲಿಕೊಂಡಿರುವುದೂ ಅವನ ಕಸುಬಾಯಿತು. 1882ರಲ್ಲಿ ಬಾಸ್ಟನ್ ನಗರದಲ್ಲಿ, ಅತ್ಯಲ್ಪ ವಿರಾಮಗಳನ್ನು ಬಿಟ್ಟರೆ, 128 ಗಂಟೆಗಳ ಕಾಲ ನೀರಿನಲ್ಲಿದ್ದನು. ಅಂಕಿಯೇನೋ ಕಾಲುವೆಯ ಅಂಕಿಯ ಆರು ಪಟ್ಟು. ಆದರೆ ನಿಂತ ನೀರಿನ ತೊಟ್ಟಿಯಲ್ಲಿ ತೇಲುವವನಿಗೆ ತಲುಪಬೇಕಾದ ದಡವಿಲ್ಲ. ಅವನ ದೇಹ ಇದರಿಂದ ಜರ್ಝರಿತವಾಯಿತು. ತೂಕ ಇಳಿಯಿತು, ಶ್ವಾಸಕೋಶ ಕೆಟ್ಟಿತು.

1883ರಲ್ಲಿ ಅವನು ಹೊಸ ಸಾಹಸವೊಂದನ್ನು ಘೋಷಿಸಿದನು. ನಯಾಗರಾ ಜಲಪಾತದ ಕೆಳಗಡೆ ನದಿ ಬಂಡೆಗಳ ಕಡಿದಾದ ಕಂದರದಲ್ಲಿ ಹರಿಯುತ್ತದೆ. ಸುಪೀರಿಯರ್, ಮಿಷಿಗನ್, ಹ್ಯೂರನ್, ಈರಿ ಎಂಬ ನಾಲ್ಕು ಮಹಾಸರೋವರಗಳ ನೀರೆಲ್ಲ ಆ ಇಕ್ಕಟ್ಟಿನಲ್ಲಿಯೇ ನುಗ್ಗಬೇಕು. ಅಲ್ಲಿ ನೀರಿನ ವೇಗ ಗಂಟೆಗೆ 30 ಕಿಲೋಮೀಟರನ್ನು ಮೀರುತ್ತದೆ. ಅಲೆಗಳು ಮುಂದೆ ಸಾಗದೆ ಇದ್ದಲ್ಲಿಯೇ ಗೋಡೆಗಳಂತೆ ಎದ್ದೆದ್ದು ಒಡೆಯುತ್ತವೆ. ಅದರ ಕೊನೆಯಲ್ಲಿ ನದಿ ಥಟ್ಟನೆ ತಿರುಗುವೆಡೆ ದೊಡ್ಡದೊಂದು ಸುಳಿ. ಈ ಕಂದರವನ್ನು ಈಜಿ ದಾಟುವುದಾಗಿ ವೆಬ್ ಹೇಳಿದನು. ನೋಡಲು ಬರುವ ಜನರಿಂದ ಲಾಭ ಪಡೆಯುವ ರೈಲ್ವೆ ಕಂಪನಿಗಳು ತನಗೆ 10,000 ಡಾಲರುಗಳಷ್ಟು ಕೊಡುವುವೆಂಬ ಆಸೆ ಅವನಿಗಿತ್ತೆಂದು ಹೇಳುತ್ತಾರೆ. ಹಣ ಬರುವುದು ಖಚಿತವಾಗಲಿಲ್ಲ. ಆದರೂ ಅವನು ಹಿಂದೆಗೆಯಲಿಲ್ಲ. ಸ್ನೇಹಿತರು ಬೇಡವೆಂದರು. ಅಟ್ಲಾಂಟಿಕ್ಕಿನಲ್ಲಿ ಬದುಕಿ ಬಂದವನಿಗೆ, ಕಾಲುವೆಯನ್ನು ದಾಟಿದವನಿಗೆ, ನೀರು ತನ್ನನ್ನು ಎಂದಾದರೂ ತೇಲಿಸಿಯೇ ತೇಲಿಸುತ್ತದೆಂಬ ನಂಬಿಕೆ ಬೇರೂರಿದ್ದರೆ ಆಶ್ಚರ್ಯವಿಲ್ಲ. ಆದರೆ ಕಡಲಿನ ಪ್ರವಾಹ ಬೇರೆ, ಇದು ಬೇರೆ. ಕಡಲು ಆರು ಗಂಟೆ ಕಾದರೆ ದಿಕ್ಕು ಬದಲಿಸುತ್ತದೆ. ಆ ಕಾಯುವಿಕೆಯಲ್ಲಿಯೇ ವೆಬ್‌ನ ವಿದ್ಯೆಯೆಲ್ಲ ಇತ್ತು. ನಯಾಗರಾ ಕಂದರದಲ್ಲಿ ಕಾಯಲು ತಾವಿಲ್ಲ. ಅವನು ಬಲ್ಲ ಯಾವುದೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ.

ಜುಲೈ 24ರ ಸಂಜೆ, ನಾಲ್ಕು ಗಂಟೆ ಕಳೆದ ಮೇಲೆ, ಅಂಬಿಗನೊಬ್ಬ ಅವನನ್ನು ಸಣ್ಣ ದೋಣಿಯಲ್ಲಿ ನದಿಯ ನಡುವಿಗೆ ಕೊಂಡೊಯ್ದನು. ಎಂಟು ವರ್ಷಗಳ ಹಿಂದೆ ಡೋವರಿನಲ್ಲಿ ಉಟ್ಟಿದ್ದ ಅದೇ ಕೆಂಪು ರೇಷ್ಮೆಯ ಚಡ್ಡಿಯನ್ನೇ ಆ ದಿನವೂ ಅವನು ಉಟ್ಟಿದ್ದನಂತೆ. ತೂಗುಸೇತುವೆಯ ಮೇಲೆಯೂ ಕಂದರದ ಅಂಚಿನಲ್ಲಿಯೂ ನಿಂತವರಿಗೆ ಅವನು ಧುಮುಕಿದ್ದು ಕಂಡಿತು. ಮೊದಮೊದಲು ಅವನು ನೆಟ್ಟಗೆ ಈಜುತ್ತಿದ್ದನು. ಇಕ್ಕಟ್ಟಿನ ನೀರು ಅವನನ್ನು ಹಿಡಿದ ಮೇಲೆ ತಲೆಯೊಂದು ಅಲೆಗಳ ನಡುವೆ ಮೂಡಿತು, ಮರೆಯಾಯಿತು, ಮತ್ತೊಮ್ಮೆ ಮೂಡಿತು. ಸುಳಿಯ ಬಳಿಗೆ ಬರುವಷ್ಟರಲ್ಲಿ ಕಾಣದಾಯಿತು. ಇದಕ್ಕೆಲ್ಲ ಹಿಡಿದದ್ದು ಕೆಲವೇ ನಿಮಿಷ.

ನಾಲ್ಕು ದಿನಗಳ ಮೇಲೆ ಅವನ ದೇಹ ಕೆಳಗಡೆ ನದಿಯಲ್ಲಿ ಸಿಕ್ಕಿತು. ಪರೀಕ್ಷಿಸಿದವರು, ಮುಳುಗಿದ್ದಕ್ಕಿಂತ ಹೆಚ್ಚಾಗಿ ನೀರಿನ ಒತ್ತಡವೇ ಅವನ ಉಸಿರಾಟವನ್ನು ನಿಲ್ಲಿಸಿತೆಂಬ ಅಭಿಪ್ರಾಯಕ್ಕೆ ಬಂದರು. ವಯಸ್ಸು 35. ನಯಾಗರಾದ ಓಕ್‌ವುಡ್ ರುದ್ರಭೂಮಿಯಲ್ಲಿ ಅವನನ್ನು ಹೂಳಿದರು. ಹೆಂಡತಿಯೂ ಇಬ್ಬರು ಎಳೆಯ ಮಕ್ಕಳೂ ಉಳಿದರು. ರೈಲ್ವೆ ಕಂಪನಿಗಳ ಹಣ ಬರಲೇ ಇಲ್ಲ. ಡಾಲಿ ಊರಿನವರು 1909ರಲ್ಲಿ ಅವನಿಗೊಂದು ಸ್ಮಾರಕವನ್ನು ನಿಲ್ಲಿಸಿದರು. ಮರುವರ್ಷ ಡೋವರಿನಲ್ಲಿ, ಅವನು ಕಡಲಿಗಿಳಿದ ತೀರಕ್ಕೆ ಅನತಿದೂರದಲ್ಲಿ, ಅವನ ಎದೆಮಟ್ಟದ ಪ್ರತಿಮೆಯೊಂದನ್ನು ಸ್ಥಾಪಿಸಲಾಯಿತು. ಇಂದಿಗೂ ಪ್ರತಿ ಬೇಸಿಗೆಯಲ್ಲಿ ಆ ಬಿಳಿ ಬಂಡೆಗಳ ಬುಡದಿಂದ ಈಜುಗಾರರು ಫ್ರಾನ್ಸಿನ ಕಡೆಗೆ ಹೊರಡುತ್ತಾರೆ, ಅವರ ದೋಣಿಯ ಅಂಬಿಗರು ಹೊರಡುವ ಗಳಿಗೆಯನ್ನು ಉಬ್ಬರದ ಪಟ್ಟಿ ನೋಡಿ ನಿಶ್ಚಯಿಸುತ್ತಾರೆ.